ಹಳೆಯ ರೈಲು ನಿಲ್ದಾಣದಲ್ಲಿ ಜಿಯೋಕ್ಯಾಶಿಂಗ್ ಕೂಟ ನಡೆಸುವುದು ಹೇಗೆ?

"ನಮ್ಮೂರ ಹಳೇ ಸ್ಟೇಷನ್ ತುಂಬ ಚೆನ್ನಾಗಿದೆ. ಅಲ್ಲೊಂದು ಕ್ಯಾಶ್ ಬಚ್ಚಿಡಬಹುದಾ?" ಈ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡು ಸಲವಾದರೂ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟರೆ ನಿಮಗೂ ಅನುಕೂಲ, ನನಗೂ ಅನುಕೂಲ.

ಚುಟುಕಾಗಿ ಹೇಳುವುದಾದರೆ, ಸ್ಟೇಷನ್ನಿನಲ್ಲಿ ಡಬ್ಬಿ ಇಡಬೇಡಿ. ಅದರ ಬದಲು ಒಂದು ದಿನ ಜನರನ್ನು ಅಲ್ಲಿಗೆ ಕರೆಯಿರಿ. ಯಾಕೆ, ಹೇಗೆ ಅನ್ನುವುದು ಮುಂದಿದೆ.

ಆಟ ಹೊಸದಾಗಿರುವವರಿಗೆ ಎರಡು ಮಾತು. ಜಿಯೋಕ್ಯಾಶಿಂಗ್ ಅಂದರೆ ಜಿಪಿಎಸ್ ಹಿಡಿದು ಆಡುವ ನಿಧಿ ಹುಡುಕಾಟ. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಎಲ್ಲರಿಗೂ ತಿಳಿಸುತ್ತಾರೆ. ಉಳಿದವರು ಹುಡುಕಿ, ಒಳಗಿರುವ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಆ ಡಬ್ಬಿಗೆ ಕ್ಯಾಶ್ ಎಂದು ಹೆಸರು. ದುಡ್ಡಿನ ಕ್ಯಾಶ್ ಅಲ್ಲ, ಉಚ್ಚಾರಣೆ ಒಂದೇ ಅಷ್ಟೆ. ಮನೆಯಲ್ಲಿ "ಕ್ಯಾಶ್ ಹುಡುಕಲು ಹೋಗ್ತಿದ್ದೀನಿ" ಎಂದು ಹೇಳುವಾಗ ಎಚ್ಚರ! ಅಮೆರಿಕ ಸರಕಾರ 2000ರ ಮೇ ತಿಂಗಳ ಆರಂಭದಲ್ಲಿ ನಾಗರಿಕರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮರುದಿನವೇ ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬವರು ಕಾಡಿನಂಚಿನಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟರು. ಆಟ ಶುರುವಾದದ್ದು ಅಲ್ಲಿಂದ.

ಈ ಆಟದಲ್ಲಿ ಡಬ್ಬಿಯೇ ಇಲ್ಲದ ಒಂದು ಬಗೆಯೂ ಇದೆ. ಅದರ ಹೆಸರು ಈವೆಂಟ್ ಕ್ಯಾಶ್. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ ಸೇರೋಣ ಎಂದು ಪ್ರಕಟಿಸುವ ಕೂಟ ಅದು. ಬಂದವರಿಗೆ ಒಂದು ಡಬ್ಬಿ ಸಿಕ್ಕಿದ ಲೆಕ್ಕ. ರೈಲು ನಿಲ್ದಾಣಕ್ಕೆ ಹೇಳಿ ಮಾಡಿಸಿದ್ದು ಇದು.

ಮಾತು ಗಾಳಿಯಲ್ಲಿ ತೇಲಬಾರದು ಎಂದು ಒಂದು ನಿಜವಾದ ಸ್ಟೇಷನ್ನನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಅದು ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ನಂದಿ ಹಾಲ್ಟ್. ನಿಮ್ಮೂರಿನದು ಬೇರೆ ಆಗಿದ್ದರೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಕೈಯಲ್ಲಿ ಏನಿರಬೇಕು?

ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ಒಂದು ಖಾತೆ, ಪುಕ್ಕಟೆಯದು ಸಾಕು. ಜಿಪಿಎಸ್ ಇರುವ ಫೋನು. ಒಂದು ಅಳತೆ ಟೇಪು, ಟಾರ್ಚು, ನಾಲ್ಕಾರು ಪೆನ್ಸಿಲ್, ಸ್ವಲ್ಪ ರಂಗೋಲಿ ಪುಡಿ. ರಂಗೋಲಿ ಯಾಕೆಂದು ಐದನೇ ಹಂತದಲ್ಲಿ ಹೇಳುತ್ತೇನೆ. ಇವೆಲ್ಲಕ್ಕಿಂತ ಮುಖ್ಯ ಆರು ವಾರಗಳ ಕಾಲಾವಕಾಶ. ಕೂಟದ ಪ್ರಕಟಣೆಯನ್ನು ಕನಿಷ್ಠ 14 ದಿನ ಮೊದಲೇ ಸಲ್ಲಿಸಬೇಕು ಎಂಬ ನಿಯಮವಿದೆ. ಆದರೆ ಹೊತ್ತು ತಿನ್ನುವುದು ಆ ಕೆಲಸವಲ್ಲ, ರೈಲ್ವೆಯ ಅನುಮತಿ.

1. ಸ್ಟೇಷನ್ ಆರಿಸಿ, ಒಮ್ಮೆ ರೈಲಿನಲ್ಲೇ ಹೋಗಿ ಬನ್ನಿ

ದೊಡ್ಡ ಜಂಕ್ಷನ್ ಬೇಡ. ಗದ್ದಲದಲ್ಲಿ ನಿಮ್ಮ ಮಾತು ನಿಮಗೇ ಕೇಳುವುದಿಲ್ಲ. ಇಪ್ಪತ್ತು ಜನ ಗುಂಪಾಗಿ ನಿಂತರೆ ಪ್ರಯಾಣಿಕರಿಗೂ ಅಡ್ಡಿ. ದಿನಕ್ಕೆ ಕೆಲವೇ ರೈಲು ನಿಲ್ಲುವ, ಹಳೆಯ ಕಟ್ಟಡ ಉಳಿದಿರುವ, ಹೊರಗೆ ಸ್ವಲ್ಪ ಅಂಗಳವಿರುವ ಸ್ಟೇಷನ್ ಹುಡುಕಿ.

ನಂದಿ ಹಾಲ್ಟ್ ಈ ಲೆಕ್ಕಕ್ಕೆ ಚೆನ್ನಾಗಿ ಕೂರುತ್ತದೆ. ಈ ಸಾಲು 1915ರ ಹೊತ್ತಿಗೆ ಬಂದದ್ದು. ಆಗ ಇದು ನ್ಯಾರೋ ಗೇಜ್ ಮಾರ್ಗ, ಅಂದರೆ ಎರಡು ಹಳಿಗಳ ನಡುವೆ ಬರೀ 762 ಮಿಲಿಮೀಟರ್, ಎರಡೂವರೆ ಅಡಿ. ಆಮೇಲೆ ಬ್ರಾಡ್ ಗೇಜ್ ಬಂತು, 1676 ಮಿಲಿಮೀಟರ್. ಹಳಿ ಅಗಲವಾಯಿತು, ಹಳೆಯ ಪುಟ್ಟ ಕಟ್ಟಡಗಳು ಹಾಗೇ ಉಳಿದವು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಾಲ್ಕೂ ಇದೇ ಸಾಲಿನವು. ಈ ಹಳೆಯ ಕಟ್ಟಡಗಳನ್ನು ಉಳಿಸುವ ಕೆಲಸಕ್ಕೆ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಕೈಹಾಕಿತು. ಇಂಟ್ಯಾಕ್ ಅಂದರೆ ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ರಾಷ್ಟ್ರಮಟ್ಟದ ಸಂಸ್ಥೆ. ರೈಲು ಬಂದ ಕಾಲಕ್ಕೆ ಮೈಸೂರಿನ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಅವರು ಹುಟ್ಟಿದ ಮುದ್ದೇನಹಳ್ಳಿ ಅಲ್ಲೇ ಹತ್ತಿರ. ಭೋಗನಂದೀಶ್ವರ ದೇವಸ್ಥಾನವೂ ಅದೇ ನಂದಿ ಗ್ರಾಮದಲ್ಲಿದೆ. ಹೊರಗಿನಿಂದ ಬಂದವರಿಗೆ ಅರ್ಧ ದಿನ ಕಳೆಯಲು ಇಷ್ಟು ಸಾಕು.

ಮೊದಲ ಭೇಟಿ ರೈಲಿನಲ್ಲೇ ಆಗಲಿ. ಕಾರಿನಲ್ಲಿ ಹೋದವರಿಗೆ ಸ್ಟೇಷನ್ ಒಂದು ಕಟ್ಟಡವಾಗಿ ಕಾಣುತ್ತದೆ. ರೈಲಿನಲ್ಲಿ ಹೋದವರಿಗೆ ಅದು ಸ್ಟೇಷನ್ನಾಗಿಯೇ ಕಾಣುತ್ತದೆ. ಅದೂ ಅಲ್ಲದೆ ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ರಸ್ತೆಯ ಅವಸ್ಥೆ ಗೊತ್ತಲ್ಲ?

ಇಳಿದ ಕೂಡಲೇ ನೋಡಬೇಕಾದದ್ದು ಇಷ್ಟು. ನೆರಳು ಎಲ್ಲಿದೆ, ಕುಡಿಯುವ ನೀರು ಇದೆಯಾ, ಶೌಚಾಲಯಕ್ಕೆ ಬೀಗವಿದೆಯಾ, ಮಕ್ಕಳು ಓಡಾಡಿದರೆ ಹಳಿಯ ಕಡೆ ಹೋಗದಂತೆ ಬೇಲಿ ಇದೆಯಾ. ವೇಳಾಪಟ್ಟಿಯನ್ನು ಬರೆದುಕೊಳ್ಳಿ. ಇಂಥ ಮಾರ್ಗದಲ್ಲಿ ಕೂಟದ ಹೊತ್ತನ್ನು ನಿರ್ಧರಿಸುವುದು ನೀವಲ್ಲ, ರೈಲು.

ದಿನ ಆರಿಸುವಾಗ ಒಂದು ಯೋಚನೆ. ಏಪ್ರಿಲ್ 16 ರೈಲು ಪ್ರಿಯರಿಗೆ ದೊಡ್ಡ ದಿನ, 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಹೊರಟ ದಿನ. ಏಪ್ರಿಲ್ 18 ವಿಶ್ವ ಪರಂಪರೆ ದಿನ. ನೆಪಕ್ಕೆ ಎರಡೂ ಚೆನ್ನ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿ. ನನ್ನ ಮತ ಡಿಸೆಂಬರ್, ಜನವರಿಗೆ.

2. ಅನುಮತಿ: ಇಲ್ಲಿ ಅವಸರ ಬೇಡ

ಜಾಸ್ತಿ ಜನ ಎಡವುವುದು ಇಲ್ಲೇ. "ಟಿಕೆಟ್ ತಗೊಂಡು ಹೋದ್ರೆ ಸಾಕಲ್ವಾ?" ಎಂದು ಕೇಳುತ್ತಾರೆ. ನೀವೊಬ್ಬರೇ ಹೋದರೆ ಸಾಕು. ಪ್ರಕಟಣೆ ಹಾಕಿ ಜನ ಸೇರಿಸುವಾಗ ಸಾಲದು.

ಹಾಲ್ಟ್ ಎಂದು ಹೆಸರಿರುವ ಚಿಕ್ಕ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಸ್ಟೇಷನ್ ಮಾಸ್ಟರ್ ಇರುವುದಿಲ್ಲ. ಗುತ್ತಿಗೆ ಹಿಡಿದ ಏಜೆಂಟರೊಬ್ಬರು ರೈಲು ಬರುವ ಹೊತ್ತಿಗೆ ಬಂದು ಟಿಕೆಟ್ ಕೊಟ್ಟು ಹೋಗುತ್ತಾರೆ. ಅವರು ಒಳ್ಳೆಯವರಾಗಿ "ಆಯ್ತು ಬನ್ನಿ ಸಾರ್" ಎಂದರೂ ಅದು ಅನುಮತಿ ಅಲ್ಲ. ಕೊಡುವ ಅಧಿಕಾರ ಅವರಿಗಿಲ್ಲ. ಅರ್ಜಿ ಹೋಗಬೇಕಾದದ್ದು ವಿಭಾಗೀಯ ಕಚೇರಿಗೆ. ನಂದಿ ಹಾಲ್ಟ್ ಇರುವುದು ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದಲ್ಲಿ. ಈ ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದ್ದರೂ ಅಲ್ಲಿಗೆ ಬರೆಯಬೇಕಾಗಿಲ್ಲ. ವಿಭಾಗದ ವಾಣಿಜ್ಯ ಶಾಖೆಯ ಹಿರಿಯ ಅಧಿಕಾರಿಗೆ ಬರೆಯಿರಿ.

ಅರ್ಜಿ ಒಂದೇ ಪುಟ ಇರಲಿ. ನಾನು ಬರೆಯುವ ಕ್ರಮ ಇದು. ಯಾರು ನಾವು, ಯಾವ ದಿನ, ಎಷ್ಟರಿಂದ ಎಷ್ಟರವರೆಗೆ, ಹೆಚ್ಚೆಂದರೆ ಎಷ್ಟು ಜನ. ಆಮೇಲೆ ಏನು ಮಾಡುವುದಿಲ್ಲ ಎಂಬ ಪಟ್ಟಿ: ಹಳಿ ದಾಟುವುದಿಲ್ಲ, ಯಾವ ವಸ್ತುವನ್ನೂ ಬಿಟ್ಟುಹೋಗುವುದಿಲ್ಲ, ಮೈಕು ಹಾಕುವುದಿಲ್ಲ, ಶುಲ್ಕ ವಸೂಲಿ ಮಾಡುವುದಿಲ್ಲ, ಡ್ರೋನ್ ಹಾರಿಸುವುದಿಲ್ಲ. ಅಧಿಕಾರಿಗಳು ಮೊದಲು ಓದುವುದು ಈ ಎರಡನೇ ಪಟ್ಟಿಯನ್ನೇ. ಫೋಟೋ ತೆಗೆಯುವುದನ್ನು ಅರ್ಜಿಯಲ್ಲೇ ಕೇಳಿಬಿಡಿ, ಮನೆಯ ನೆನಪಿಗೆ ಮಾತ್ರ, ವ್ಯಾಪಾರಕ್ಕಲ್ಲ ಎಂದು ಸೇರಿಸಿ. "ಜಿಯೋಕ್ಯಾಶಿಂಗ್" ಎಂಬ ಪದವನ್ನು ಶೀರ್ಷಿಕೆಯಲ್ಲಿ ಹಾಕಬೇಡಿ. ಯಾರಿಗೂ ಅರ್ಥವಾಗುವುದಿಲ್ಲ, ಅರ್ಥವಾಗದ ಕಾಗದ ಮೇಜಿನ ಕೆಳಗೆ ಹೋಗುತ್ತದೆ. "ರೈಲ್ವೆ ಪರಂಪರೆ ಕುರಿತ ನಾಗರಿಕರ ಭೇಟಿ" ಎಂದು ಬರೆದು, ಒಳಗೆ ಎರಡು ಸಾಲಿನಲ್ಲಿ ಆಟವನ್ನು ವಿವರಿಸಿ.

ಉತ್ತರ ಬರಲಿಲ್ಲವೋ? ಸುಮ್ನೆ ಕೂತು ಕಾಯಬೇಡಿ, ಒಮ್ಮೆ ಖುದ್ದಾಗಿ ಹೋಗಿ. ಅದೂ ಆಗಲಿಲ್ಲ ಎಂದರೆ ಕೂಟವನ್ನು ಸ್ಟೇಷನ್ ಹೊರಗಿನ ಸಾರ್ವಜನಿಕ ಜಾಗಕ್ಕೆ, ಮರದ ಕೆಳಗೋ ಹೋಟೆಲ್ ಜಗಲಿಗೋ ಇಟ್ಟುಕೊಳ್ಳಿ. ಸ್ಟೇಷನ್ನಿಗೆ ಪ್ರಯಾಣಿಕರಾಗಿ ಟಿಕೆಟ್ ಪಡೆದು ಇಳಿಯಿರಿ, ಅಷ್ಟೇ.

ಪೊಲೀಸರಲ್ಲಿ ಎರಡು ಬಗೆ ಎಂಬುದು ನೆನಪಿರಲಿ. ಆರ್‌ಪಿಎಫ್ ಕೇಂದ್ರದ್ದು, ರೈಲ್ವೆ ಆಸ್ತಿಯನ್ನು ಕಾಯುತ್ತದೆ. ಜಿಆರ್‌ಪಿ ರಾಜ್ಯದ್ದು, ರೈಲಿನಲ್ಲಿ ಸ್ಟೇಷನ್ನಿನಲ್ಲಿ ನಡೆಯುವ ಅಪರಾಧಗಳನ್ನು ನೋಡಿಕೊಳ್ಳುತ್ತದೆ. ಅನುಮತಿ ಪತ್ರದ ಪ್ರತಿ ಇಬ್ಬರಿಗೂ ತೋರಿಸುವಂತೆ ಕಿಸೆಯಲ್ಲಿರಲಿ, ಕಾಗದದಲ್ಲಿ. ಫೋನಿನಲ್ಲಿರುವ ಪಿಡಿಎಫ್‌ಗೆ ಅಷ್ಟು ಮರ್ಯಾದೆ ಇಲ್ಲ.

ಈಗ ಡಬ್ಬಿಯ ವಿಷಯ. ಸ್ಟೇಷನ್ನಿನಲ್ಲಿ ಕ್ಯಾಶ್ ಯಾಕೆ ಬಚ್ಚಿಡಬಾರದು? ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ಧ್ವನಿವರ್ಧಕದಲ್ಲಿ ದಿನವೂ ಕೂಗುವ ಜಾಗ ಅದು. ಅಲ್ಲಿ ಕಪ್ಪು ಟೇಪು ಸುತ್ತಿದ ಡಬ್ಬಿಯನ್ನು ಬೆಂಚಿನ ಕೆಳಗೆ ಅಂಟಿಸಿದರೆ ಅದನ್ನು ಹುಡುಕಿ ತೆಗೆಯುವುದು ಬಾಂಬ್ ನಿಷ್ಕ್ರಿಯ ದಳ. ಆಟದ ನಿಯಮಗಳೂ ರೈಲು ಓಡುವ ಹಳಿಯ ಪಕ್ಕದಲ್ಲಿ ಡಬ್ಬಿ ಇಡಲು ಬಿಡುವುದಿಲ್ಲ. ಹಳಿಯ ಮೇಲೆ ಕಾಲಿಟ್ಟರೆ ಕಾನೂನು ಬೇರೆ ಇದೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

3. ಸೇರುವ ಜಾಗದ ಅಕ್ಷಾಂಶ ರೇಖಾಂಶ ತೆಗೆಯಿರಿ

ಕಲ್ಲಿನ ಗೋಡೆ, ತಗಡಿನ ಮಾಡು ಇವುಗಳ ಪಕ್ಕ ನಿಂತರೆ ಉಪಗ್ರಹದ ಸಿಗ್ನಲ್ ಗೋಡೆಗೆ ಬಡಿದು ಸುತ್ತಿಬರುತ್ತದೆ. ಫೋನು ನಿಮ್ಮನ್ನು ಹತ್ತಿಪ್ಪತ್ತು ಮೀಟರ್ ಆಚೆ ತೋರಿಸಬಹುದು. ಮನೆ ಹುಡುಕುವಾಗ ಅದು ದೊಡ್ಡ ತಪ್ಪಲ್ಲ. ಸ್ಟೇಷನ್ನಿನಲ್ಲಿ ಹತ್ತು ಮೀಟರ್ ಆಚೆ ಅಂದರೆ ಹಳಿಯ ಮಧ್ಯೆ! ಬಯಲಿಗೆ ಬನ್ನಿ, ಎರಡು ನಿಮಿಷ ಕಾಯಿರಿ, ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕೈದು ಸಲ ಓದಿ ಸರಾಸರಿ ತೆಗೆಯಿರಿ. ಮತ್ತೆ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿ. ಗುರುತು ಬಿದ್ದಿರಬೇಕಾದದ್ದು ಹೊರಗಿನ ಅಂಗಳದಲ್ಲಿ, ಪ್ಲಾಟ್‌ಫಾರಂ ಮೇಲಲ್ಲ.

ಇನ್ನೊಂದು ಗುಂಡಿ ಇದೆ. ನಾನೇ ಬಿದ್ದು ಎದ್ದದ್ದು. ಗೂಗಲ್ ಮ್ಯಾಪ್ ಸ್ಥಾನವನ್ನು ದಶಮಾಂಶ ಡಿಗ್ರಿಯಲ್ಲಿ ಕೊಡುತ್ತದೆ, ಉದಾಹರಣೆಗೆ 13.3900. ಜಿಯೋಕ್ಯಾಶಿಂಗ್ ಕೇಳುವುದು ಡಿಗ್ರಿ ಮತ್ತು ದಶಮಾಂಶ ನಿಮಿಷ. ಅಂದರೆ 0.39 ಅನ್ನು 60ರಿಂದ ಗುಣಿಸಬೇಕು: 23.4 ನಿಮಿಷ. ಬರೆಯಬೇಕಾದದ್ದು ಉತ್ತರ 13° 23.400. ಅವಸರದಲ್ಲಿ 13° 39.000 ಎಂದು ತುಂಬಿದಿರೋ, ನಿಮ್ಮ ಅತಿಥಿಗಳು ಸುಮಾರು 29 ಕಿಲೋಮೀಟರ್ ಉತ್ತರಕ್ಕೆ ಹೋಗಿ ಯಾರದೋ ಹೊಲದಲ್ಲಿ ನಿಂತಿರುತ್ತಾರೆ. ಒಂದು ನಿಮಿಷ ಅಕ್ಷಾಂಶ ಅಂದರೆ ಸುಮಾರು 1.85 ಕಿಲೋಮೀಟರ್, ಮೂರನೇ ದಶಮಾಂಶ ಸ್ಥಾನದ ಒಂದು ಅಂಕಿಗೆ 1.85 ಮೀಟರ್. ಈ ಲೆಕ್ಕ ಬಾಯಿಪಾಠ ಇದ್ದರೆ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ.

4. ಪ್ರಕಟಣೆ ಬರೆಯಿರಿ

ಈವೆಂಟ್ ಕನಿಷ್ಠ 30 ನಿಮಿಷದ್ದಿರಬೇಕು. ಎಲ್ಲರಿಗೂ ಮುಕ್ತವಾಗಿರಬೇಕು, ಬರುವುದಕ್ಕೆ ಕಡ್ಡಾಯ ಶುಲ್ಕ ಇರಬಾರದು. ಕರೆದವರು, ಅಂದರೆ ನೀವು, ಪೂರ್ತಿ ಹೊತ್ತು ಅಲ್ಲಿರಬೇಕು. "ಗುಂಪಾಗಿ ಡಬ್ಬಿ ಹುಡುಕಲು ಹೋಗೋಣ" ಎಂಬುದೊಂದೇ ಕಾರಣ ನಡೆಯುವುದಿಲ್ಲ. ಜನ ಸೇರಿ ಮಾತಾಡುವುದೇ ಈವೆಂಟಿನ ಉದ್ದೇಶ. ನೀವು ಸಲ್ಲಿಸಿದ್ದನ್ನು ರಿವ್ಯೂವರ್ ಎಂಬ ಸ್ವಯಂಸೇವಕರು ಓದಿ ಪ್ರಕಟಿಸುತ್ತಾರೆ. ಅವರಿಗೆಂದೇ ಇರುವ ಟಿಪ್ಪಣಿಯಲ್ಲಿ ಅನುಮತಿ ಪತ್ರದ ವಿವರ ಬರೆಯಿರಿ, ಎರಡು ಸುತ್ತು ಪ್ರಶ್ನೋತ್ತರ ಉಳಿಯುತ್ತದೆ.

ಡಿ ಮತ್ತು ಟಿ ಎಂದು ಎರಡು ಅಂಕ ಕೇಳುತ್ತಾರೆ. ಡಿ ಅಂದರೆ ಹುಡುಕುವ ಕಷ್ಟ, ಟಿ ಅಂದರೆ ನೆಲದ ಕಷ್ಟ. ಎರಡೂ 1ರಿಂದ 5ರವರೆಗೆ. ಟಿ 1 ಎಂದರೆ ಗಾಲಿಕುರ್ಚಿಯಲ್ಲೂ ಬರಬಹುದು ಎಂಬ ಭರವಸೆ. ಮೆಟ್ಟಿಲೋ ಜಲ್ಲಿಯೋ ಇದ್ದರೆ 1.5 ಹಾಕಿ. ಸುಳ್ಳು ಭರವಸೆ ಬೇಡ.

ಪ್ರಕಟಣೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಕನ್ನಡ ಮೇಲಿರಲಿ. ಯಾವ ರೈಲಿನಲ್ಲಿ ಬರಬೇಕು, ಯಾವುದರಲ್ಲಿ ವಾಪಸ್ ಹೋಗಬಹುದು ಎಂದು ಸ್ಪಷ್ಟವಾಗಿ ತಿಳಿಸಿ. ರೈಲು ತಡವಾಗುತ್ತದೆ ಎಂದುಕೊಂಡೇ ಹೊತ್ತು ಹಾಕಿ. ರೈಲಿನ ಹೊತ್ತಿಗೂ ಕೂಟದ ಆರಂಭಕ್ಕೂ ನಡುವೆ ಅರ್ಧ ಗಂಟೆ ಬಿಡುವುದು ನನ್ನ ರೂಢಿ. ಮೊಬೈಲಿನಲ್ಲಿ ಸಾಮಾನ್ಯ ಟಿಕೆಟ್ ತೆಗೆಯುವವರಿಗೂ ಒಂದು ಸೂಚನೆ ಸೇರಿಸಿ. ನೀವು ಹಳಿಯ ತೀರಾ ಹತ್ತಿರ ಇದ್ದೀರಿ ಎಂದು ಜಿಪಿಎಸ್‌ನಿಂದ ಗೊತ್ತಾದರೆ ಆ್ಯಪ್ ಟಿಕೆಟ್ ಕೊಡುವುದಿಲ್ಲ. ಮನೆಯಿಂದ ಹೊರಡುವಾಗಲೇ ತೆಗೆದುಕೊಳ್ಳಬೇಕು. ಜಿಪಿಎಸ್ ಆಟದವರನ್ನು ಜಿಪಿಎಸ್ಸೇ ಹಿಡಿದು ನಿಲ್ಲಿಸುವ ಜಾಗ ಇದು!

ವಿದೇಶದಿಂದ ಬರುವವರು ಇದ್ದರೆ ಈ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ: ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ತರಬೇಡಿ. ಸ್ಥಾನ ತೋರಿಸುವ ಬರೀ ಜಿಪಿಎಸ್ ಯಂತ್ರಕ್ಕೆ ತೊಂದರೆ ಇಲ್ಲ. ಆದರೆ ಚಾರಣಿಗರು ಇಟ್ಟುಕೊಳ್ಳುವ ಇನ್‌ರೀಚ್‌ನಂಥ ಸಾಧನ, ಸ್ಯಾಟಲೈಟ್ ಫೋನು ಇವನ್ನು ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಇದು ಗೊತ್ತಿಲ್ಲದೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ.

5. ಡಬ್ಬಿ ಇಲ್ಲದ ಹುಡುಕಾಟ ಕಟ್ಟಿ

ಕೂಟದ ಜೀವ ಇರುವುದು ಇಲ್ಲಿ. ಬಂದವರಿಗೆ ಒಂದು ಪ್ರಶ್ನೆ ಹಾಳೆ ಕೊಡಿ. ಉತ್ತರ ಸ್ಟೇಷನ್ನಿನಲ್ಲೇ ಇರಬೇಕು, ಕಣ್ಣು ಬಿಟ್ಟು ನೋಡಿದರೆ ಮಾತ್ರ ಸಿಗಬೇಕು, ಗೂಗಲ್‌ನಲ್ಲಿ ಸಿಗಬಾರದು. ಹಳಿ ದಾಟುವ ಅಗತ್ಯವಂತೂ ಬರಲೇಬಾರದು. ಎಂಟು ಪ್ರಶ್ನೆ ಸಾಕು. ಕೆಲವು ಬಗೆಗಳನ್ನು ಹೇಳುತ್ತೇನೆ.

*ಹಳದಿ ಬೋರ್ಡ್.* ನಿಲ್ದಾಣದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಎಂಎಸ್‌ಎಲ್ ಎಂದು ಒಂದು ಅಂಕಿ ಇರುವುದನ್ನು ನೋಡಿದ್ದೀರಾ? ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬ ಲೆಕ್ಕ ಅದು. ಈಗ ಫೋನಿನ ಜಿಪಿಎಸ್ ಆ್ಯಪ್‌ನಲ್ಲಿ ಎತ್ತರ ನೋಡಲು ಹೇಳಿ. ಬೋರ್ಡಿನಲ್ಲಿ 900 ಮೀಟರ್ ಎಂದಿದೆ ಅಂತಿಟ್ಟುಕೊಳ್ಳಿ, ಕೆಲವರ ಫೋನು 815ರ ಆಸುಪಾಸು ತೋರಿಸುತ್ತದೆ. ಯಾರು ಸರಿ? ಇಬ್ಬರೂ ಸರಿ. ಜಿಪಿಎಸ್ ಭೂಮಿಯನ್ನು ಒಂದು ನುಣುಪಾದ, ಸ್ವಲ್ಪ ಚಪ್ಪಟೆಯಾದ ಚೆಂಡು ಎಂದುಕೊಂಡು ಅದರ ಮೇಲ್ಮೈಯಿಂದ ಎತ್ತರ ಅಳೆಯುತ್ತದೆ. ನಿಜವಾದ ಸಮುದ್ರಮಟ್ಟ ಹಾಗೆ ನುಣುಪಾಗಿಲ್ಲ. ಗುರುತ್ವ ಕಡಿಮೆ ಇರುವ ಕಡೆ ಅದು ತಗ್ಗಿರುತ್ತದೆ. ಇಡೀ ಪ್ರಪಂಚದಲ್ಲೇ ಹೆಚ್ಚು ತಗ್ಗಿರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ, ಸುಮಾರು 106 ಮೀಟರ್. ಬೆಂಗಳೂರಿನ ಸುತ್ತಮುತ್ತ ಈ ತಗ್ಗು 85 ಮೀಟರಿನಷ್ಟಿದೆ. ಕೆಲವು ಫೋನುಗಳು ಇದನ್ನು ಸರಿಪಡಿಸಿ ತೋರಿಸುತ್ತವೆ, ಕೆಲವು ಇಲ್ಲ. ಹಳದಿ ಬೋರ್ಡಿನ ಒಂದು ಅಂಕಿಯಿಂದ ಇಷ್ಟು ದೂರ ಹೋಗಬಹುದು. ನಾನು ನೋಡಿದ ಮಟ್ಟಿಗೆ ಜನ ಜಗಳವಾಡುತ್ತಾ ಅರ್ಧ ಗಂಟೆ ಕಳೆಯುವುದು ಇದರ ಮುಂದೆಯೇ. ರೈಲಿನ ಚಾಲಕರಿಗೆ ಏರು ಇಳಿಜಾರು ತಿಳಿಯಲೆಂದು ಈ ಅಂಕಿ ಬರೆಯುತ್ತಾರೆ ಎಂಬ ಕಥೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಹೇಳುವವರಿಗೆ ಹಳಿ ಪಕ್ಕದ ಇಳಿಜಾರು ಕಂಬವನ್ನು ದೂರದಿಂದ ತೋರಿಸಿ. ಆ ಕೆಲಸಕ್ಕೆ ಅದಿದೆ.

*ರಂಗೋಲಿ ಹಳಿ.* ಹೊರಗಿನ ಮಣ್ಣಿನ ಅಂಗಳದಲ್ಲಿ ರಂಗೋಲಿ ಪುಡಿಯಿಂದ 762 ಮಿಲಿಮೀಟರ್ ಅಂತರದ ಎರಡು ಗೆರೆ ಎಳೆಯಿರಿ. ಪಕ್ಕದಲ್ಲೇ 1676ರ ಇನ್ನೆರಡು. ಮಕ್ಕಳನ್ನು ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರಿಸಿ. ನ್ಯಾರೋ ಗೇಜ್ ಎಂದು ನೂರು ಸಲ ಹೇಳಿದರೂ ತಿಳಿಯದ್ದು ಒಂದು ಜಿಗಿತದಲ್ಲಿ ತಿಳಿಯುತ್ತದೆ. ಮಧ್ಯೆ ಮೀಟರ್ ಗೇಜನ್ನೂ ಎಳೆಯಬಹುದು, ಹೆಸರೇ ಹೇಳುವಂತೆ 1000 ಮಿಲಿಮೀಟರ್. ಇದನ್ನು ಕಲ್ಲುಹಾಸಿನ ಮೇಲಾಗಲಿ ಪ್ಲಾಟ್‌ಫಾರಂ ಮೇಲಾಗಲಿ ಮಾಡಬೇಡಿ, ಸೀಮೆಸುಣ್ಣವೂ ಬೇಡ.

*ಕಂಬಿಯ ಮೇಲಿನ ಬರಹ.* ರೈಲ್ವೆಯವರು ಹಳೆಯ ಕಂಬಿಯನ್ನು ಬಿಸಾಡುವುದಿಲ್ಲ. ಬೇಲಿಗೆ, ಮಾಡಿಗೆ, ದೀಪದ ಕಂಬಕ್ಕೆ ನಿಲ್ಲಿಸುತ್ತಾರೆ. ಕಂಬಿಯ ನಡುಭಾಗದಲ್ಲಿ ತಯಾರಕರ ಹೆಸರು, ವರ್ಷ ಉಬ್ಬಕ್ಷರದಲ್ಲಿ ಇರುವುದುಂಟು. ಬಣ್ಣ ಬಳಿದು ಬಳಿದು ಅದು ಮುಚ್ಚಿಹೋಗಿರುತ್ತದೆ. ಟಾರ್ಚನ್ನು ಎದುರಿನಿಂದ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಕೆರೆದು ನೋಡುವುದು ಬೇಡವೇ ಬೇಡ. ನಿಮ್ಮ ಸ್ಟೇಷನ್ನಿನಲ್ಲಿ ಇಂಥ ಕಂಬ ಇದೆಯಾ ಎಂದು ಮೊದಲ ಭೇಟಿಯಲ್ಲೇ ನೋಡಿಟ್ಟುಕೊಳ್ಳಿ. ಇದ್ದರೆ ಹಾಳೆಯ ಅತ್ಯುತ್ತಮ ಪ್ರಶ್ನೆ ಅದೇ. ಓಡುವ ಹಳಿಯ ಮೇಲೂ ಬರಹ ಇರುತ್ತದೆ, ಅದರ ತಂಟೆಗೆ ಹೋಗಬೇಡಿ.

*ಗಂಟೆ.* ಹಳೆಯ ಸ್ಟೇಷನ್ನುಗಳಲ್ಲಿ ತುಂಡು ಕಂಬಿಯನ್ನೇ ನೇತುಹಾಕಿ ಗಂಟೆ ಮಾಡಿರುತ್ತಾರೆ. ಅದು ಇದ್ದರೆ ನೋಡಲು ಹೇಳಿ. ಬಾರಿಸಲು ಹೇಳಬೇಡಿ, ಮಕ್ಕಳಿಗಿಂತ ದೊಡ್ಡವರ ಕೈ ಮೊದಲು ಹೋಗುತ್ತದೆ.

ಕೊನೆಯ ಬೋಗಿಯ ಹಿಂದಿನ ದೊಡ್ಡ ಗುಣಿಸು ಚಿಹ್ನೆ, ಗೇಟಿಗೆ ಮೊದಲು ಸೀಟಿ ಹೊಡೆಯಲು ಹೇಳುವ ಹಲಗೆ ಇಂಥವನ್ನೂ ಸೇರಿಸಬಹುದು. ಆದರೆ ಬಣ್ಣ ಬಳಿದರೆ ಬದಲಾಗುವ ಅಂಕಿಯ ಮೇಲೆ ಪ್ರಶ್ನೆ ಕಟ್ಟಬೇಡಿ. ಕೂಟದ ಹಿಂದಿನ ವಾರವೇ ಯಾರೋ ಅಧಿಕಾರಿ ಪರಿಶೀಲನೆಗೆ ಬಂದು, ಇಡೀ ಸ್ಟೇಷನ್ನಿಗೆ ಹೊಸ ಬಣ್ಣ ಬಿದ್ದಿರುತ್ತದೆ.

ಹಾಳೆಯ ಕೊನೆಗೆ ಒಂದು ಪ್ರಶ್ನೆ ಜನರ ಬಗ್ಗೆ ಇರಲಿ: ಪುಟ್ಟ ರೈಲಿನಲ್ಲಿ ಹೋಗಿದ್ದವರು ಒಬ್ಬರನ್ನಾದರೂ ಮಾತಾಡಿಸಿ. ಊರಿನಲ್ಲಿ ಹಿರಿಯರು ಸಿಕ್ಕೇ ಸಿಗುತ್ತಾರೆ. "ಯಾವ ಇಸವಿ ಅಜ್ಜಾ?" ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ನಿಮ್ಮ ಮದುವೆ ದಿಬ್ಬಣ ರೈಲಲ್ಲಿ ಹೋಗಿತ್ತಾ?" ಎಂದು ಕೇಳಿ ನೋಡಿ. ಚಿಕ್ಕಬಳ್ಳಾಪುರದ ಕಡೆ ಮನೆಮಾತು ತೆಲುಗು ಆಗಿರುವವರು ಬಹಳ. ಗುಂಪಿನಲ್ಲಿ ತೆಲುಗು ಬಲ್ಲವರೊಬ್ಬರಿದ್ದರೆ ಒಳ್ಳೆಯದು. ಧ್ವನಿ ಮುದ್ರಿಸುವ ಮೊದಲು ಕೇಳಿ, ಬೇಡ ಎಂದರೆ ಬಿಟ್ಟುಬಿಡಿ.

6. ಕೂಟದ ದಿನ

ಒಂದು ಗಂಟೆ ಮೊದಲು ಹೋಗಿ. ಟಿಕೆಟ್ ಏಜೆಂಟರಿಗೆ, ಅಲ್ಲಿ ಇರುವ ಗ್ಯಾಂಗ್‌ಮನ್‌ಗಳಿಗೆ ನಮಸ್ಕಾರ ಹೇಳಿ, ಏನು ನಡೆಯುತ್ತದೆ ಎಂದು ತಿಳಿಸಿ. ಗ್ಯಾಂಗ್‌ಮನ್ ಅಂದರೆ ಹಳಿ ದುರಸ್ತಿ ನೋಡಿಕೊಳ್ಳುವ ಸಿಬ್ಬಂದಿ. ಆ ಹಳಿಯ ಬಗ್ಗೆ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಎಲ್ಲರೂ ಸೇರಿದ ಮೇಲೆ ಮೊದಲ ಐದು ನಿಮಿಷ ಸುರಕ್ಷತೆಗೆ. ಪ್ಲಾಟ್‌ಫಾರಂ ಅಂಚಿನ ಗೆರೆಯ ಈಚೆ ನಿಲ್ಲಬೇಕು. ರೈಲು ಬರುವ ಹೊತ್ತಿಗೆ ಆಟ ನಿಲ್ಲಿಸಬೇಕು. ವಿದ್ಯುತ್ ಮಾರ್ಗವಿದ್ದರೆ ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಸೆಲ್ಫಿ ಕೋಲು, ಬ್ಯಾನರಿನ ಉದ್ದ ಕಡ್ಡಿ, ಗಾಳಿಪಟ ಯಾವುದೂ ಬೇಡ. ಮುಟ್ಟದಿದ್ದರೂ ಹತ್ತಿರ ಹೋದರೆ ಸಾಕು, ವಿದ್ಯುತ್ ಹಾರುತ್ತದೆ. ಮಕ್ಕಳನ್ನು ಕರೆತಂದವರು ತಮ್ಮ ಮಕ್ಕಳನ್ನು ತಾವೇ ನೋಡಿಕೊಳ್ಳಬೇಕೆಂದು ಮುಖಕ್ಕೇ ಹೇಳಿ. ಸಂಕೋಚ ಬೇಡ.

ಆಮೇಲೆ ಪ್ರಶ್ನೆ ಹಾಳೆ, ಮೂವರ ಒಂದೊಂದು ಗುಂಪು. ಹಳಬರ ಜೊತೆ ಹೊಸಬರನ್ನು ಬೆರೆಸಿ, ಇಲ್ಲದಿದ್ದರೆ ಹಳಬರು ತಮ್ಮಷ್ಟಕ್ಕೆ ತಾವು ಹರಟುತ್ತಾ ಕೂರುತ್ತಾರೆ. ಹಾಜರಿ ಪುಸ್ತಕ ಇಡಬಹುದು, ಸಹಿ ಮಾಡಲೇಬೇಕೆಂದು ಒತ್ತಾಯಿಸುವಂತಿಲ್ಲ.

ಕೆಲವರು ಟ್ರ್ಯಾಕಬಲ್ ತರುತ್ತಾರೆ. ಸಂಖ್ಯೆ ಕೆತ್ತಿದ ಸಣ್ಣ ಲೋಹದ ಬಿಲ್ಲೆ ಅದು, ಕೈಯಿಂದ ಕೈಗೆ ಊರೂರು ಸುತ್ತುತ್ತದೆ. ಕೂಟದಲ್ಲಿ ಅದನ್ನು ಬದಲಾಯಿಸಿಕೊಳ್ಳುವುದು ವಾಡಿಕೆ. ಮೇಜಿನ ಮೇಲೆ ಹರವಿ ಫೋಟೋ ತೆಗೆಯುವಾಗ ಸಂಖ್ಯೆಯ ಭಾಗ ಕಾಣದಂತೆ ತಿರುಗಿಸಿಡಿ. ಆ ಸಂಖ್ಯೆ ಬಯಲಾದರೆ ಬಿಲ್ಲೆಯನ್ನು ಕಣ್ಣಿಂದ ಕಾಣದವರೂ ಕಂಡೆವೆಂದು ಬರೆಯುತ್ತಾರೆ.

ಊಟ ತಿಂಡಿ ಸರಳವಾಗಿರಲಿ. ಮನೆಯಿಂದ ಚಿತ್ರಾನ್ನವೋ ಇಡ್ಲಿಯೋ, ಸ್ಟೀಲ್ ಲೋಟ. ಪ್ಲಾಸ್ಟಿಕ್ ತಟ್ಟೆ ತಂದವರ ಮೇಲೆ ನಾನಂತೂ ಕಣ್ಣು ಕೆಂಪಗೆ ಮಾಡುತ್ತೇನೆ. ಕೇಳಲು ಬಂದ ಪೊಲೀಸರಿಗೆ ಗುಂಪಿನ ಒಬ್ಬರೇ ಉತ್ತರಿಸಲಿ. "ಸರ್, ಹಳೇ ಸ್ಟೇಷನ್ ನೋಡೋಕೆ ಬಂದಿದ್ದೀವಿ, ಅನುಮತಿ ಪತ್ರ ಇದೆ" ಅಷ್ಟು ಸಾಕು. ಹತ್ತು ಜನ ಒಟ್ಟಿಗೆ ಉಪಗ್ರಹ, ಅಕ್ಷಾಂಶ, ನಿಧಿ ಎಂದು ಶುರುಮಾಡಿದರೆ ಮಧ್ಯಾಹ್ನದವರೆಗೂ ಅಲ್ಲೇ.

7. ಮುಗಿದ ಮೇಲೆ

ಹೊರಡುವ ಮೊದಲು ಅಂಗಳವನ್ನು ಒಮ್ಮೆ ಸುತ್ತಿ, ನಿಮ್ಮದಲ್ಲದ ಕಸವನ್ನೂ ಹೆಕ್ಕಿ. ಹಳಿಯ ಮೇಲೆ ಬಿದ್ದ ಕಸವನ್ನು ಮಾತ್ರ ಬಿಡಿ. ರಂಗೋಲಿಯನ್ನು ಪೊರಕೆಯಿಂದ ಗುಡಿಸಿಹಾಕಿ.

ಬಂದವರು ಮನೆಗೆ ಹೋಗಿ "ಅಟೆಂಡೆಡ್" ಎಂದು ದಾಖಲಿಸಬೇಕು. ಹೊಸಬರು ಮೊದಲೇ ಹಾಕಿದ "ವಿಲ್ ಅಟೆಂಡ್" ಸಾಕು ಎಂದುಕೊಳ್ಳುತ್ತಾರೆ. ಅದು ಬರುತ್ತೇನೆ ಎಂಬ ಮಾತು ಅಷ್ಟೇ, ಅದರಿಂದ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ದಿನ ಬಿಟ್ಟು ಒಂದು ನೆನಪಿನ ಸಂದೇಶ ಕಳಿಸಿ. ಎಲ್ಲರದೂ ಬಂದ ಮೇಲೆ ಪುಟವನ್ನು ಆರ್ಕೈವ್ ಮಾಡಿ, ಅಂದರೆ ಮುಗಿದ ಕೂಟಗಳ ಕಡತಕ್ಕೆ ಸೇರಿಸಿ.

ಅನುಮತಿ ಕೊಟ್ಟ ಕಚೇರಿಗೆ ವಾರದೊಳಗೆ ಒಂದು ಧನ್ಯವಾದ ಪತ್ರ ಹಾಕಿ. ಅಂಗಳದಲ್ಲಿ ಎಲ್ಲರೂ ನಿಂತ ಒಂದು ಫೋಟೋ, ಬಂದವರ ಸಂಖ್ಯೆ, ಹಿರಿಯರಿಂದ ಕೇಳಿ ಬರೆದುಕೊಂಡ ಒಂದೆರಡು ನೆನಪು ಜೊತೆಗಿರಲಿ. ಅದೇ ಫೋಟೋದ ಒಂದು ಪ್ರಿಂಟ್ ಹಾಕಿಸಿ ಟಿಕೆಟ್ ಏಜೆಂಟರಿಗೂ ಕೊಡಿ. ಮುಂದಿನ ಸಲ ನೀವು ಅರ್ಜಿ ಹಿಡಿದು ಹೋದಾಗ ಅದು ಟಿಕೆಟ್ ಕಿಂಡಿಯ ಪಕ್ಕದ ಗೋಡೆಯಲ್ಲಿ ನೇತಾಡುತ್ತಿದ್ದರೆ ಆಶ್ಚರ್ಯವಿಲ್ಲ.